ಎಎಚ್‌ಎಲ್‌ನಲ್ಲಿ 60 ಗೋಲ್, ಎನ್‌ಎಚ್‌ಎಲ್‌ನಲ್ಲಿ ಒಟ್ಟು 48 ಪಂದ್ಯ: ಇಂಥವರು ಮೇಲೆ ಯಾಕೆ ನಿಲ್ಲುವುದಿಲ್ಲ?

ಹರ್ಷಿ_ಪಕ್ಕದವನು

ಎಲ್ಲರಿಗೂ ನಮಸ್ಕಾರ. ತುಂಬಾ ವರ್ಷದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ. ಇಲ್ಲಿ ಐಸ್ ಹಾಕಿ ನೋಡುವವರು ಕೆಲವರಾದರೂ ಇದ್ದೀರಿ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಾನು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಕಡೆ ಇರುವವನು. 2008ರಲ್ಲಿ ಕೆಲಸಕ್ಕೆ ಅಂತ ಬಂದೆ. ಇಲ್ಲಿಂದ ಹರ್ಷಿ ತೀರಾ ಹತ್ತಿರ. ಚಾಕೊಲೇಟಿನ ಊರು ಅಂತ ಎಲ್ಲರಿಗೂ ಗೊತ್ತು. ಆದರೆ ಊರಿನವರಿಗೆ ಅದಕ್ಕಿಂತ ಪ್ರೀತಿ ಅಲ್ಲಿನ ತಂಡದ ಮೇಲೆ. ಹರ್ಷಿ ಬೇರ್ಸ್ 1938ರಿಂದ ಎಎಚ್‌ಎಲ್‌ನಲ್ಲಿ ಆಡುತ್ತಿದೆ, ಅಂದರೆ ಇಲ್ಲಿನ ಅತಿ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್. ಆ ಲೀಗಿನ ಕಾಲ್ಡರ್ ಕಪ್ಪನ್ನು 13 ಸಲ ಗೆದ್ದಿದೆ.

ಆ ಚಳಿಗಾಲ ಅಪ್ಪ ಸಾಗರದಿಂದ ಬಂದಿದ್ದರು. ಮನೆಯಲ್ಲೇ ಕೂತು ಬೇಜಾರಾಗಿತ್ತು ಅವರಿಗೆ. ಪಂದ್ಯಕ್ಕೆ ಕರೆದುಕೊಂಡು ಹೋದೆ. ಮೊದಲ ದಿನ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಣ್ಣಿಗೇ ಬೀಳಲಿಲ್ಲ ಅಂದರು. ಎರಡನೇ ಪಂದ್ಯದಲ್ಲಿ ನನ್ನ ಮೊಣಕೈ ತಟ್ಟಿ, "ನೋಡು, ಆ ಹುಡುಗ ಎಲ್ಲಿ ನಿಲ್ತಾನೋ ಅಲ್ಲಿಗೇ ಅದು ಬರ್ತದೆ" ಅಂದರು. ಆ ಹುಡುಗ ಅಲೆಕ್ಸಾಂಡ್ರ್ ಜಿರೂ. 2008-09ರಲ್ಲಿ ಅವನು 69 ಪಂದ್ಯಗಳಲ್ಲಿ 60 ಗೋಲ್ ಹೊಡೆದ. ಮರುವರ್ಷ 50. ಅವನ ಜೊತೆ ಪಾಸ್ ಕೊಡುತ್ತಿದ್ದ ಕೀತ್ ಓಕೊಯಿನ್ 2009-10ರಲ್ಲಿ 106 ಪಾಯಿಂಟ್ (ಹೊಡೆದ ಗೋಲಿಗೊಂದು, ಗೋಲಿಗೆ ಕೊಟ್ಟ ಪಾಸಿಗೊಂದು) ಮಾಡಿ ಲೀಗಿನ ಅತ್ಯುತ್ತಮ ಆಟಗಾರನಾದ. ಎರಡೂ ವರ್ಷ ಕಪ್ ಹರ್ಷಿಗೇ ಬಂತು.

ಜಿರೂ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಎಷ್ಟು ಗೊತ್ತಾ? ಇಡೀ ಜೀವನದಲ್ಲಿ 48 ಪಂದ್ಯ, 6 ಗೋಲ್.

ಅಪ್ಪ ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುತ್ತಿದ್ದರು, "ಆ ಹುಡುಗ ಮೇಲೆ ಹೋದ್ನಾ?" ಅಂತ. ಹೋದ, ವಾಪಸ್ ಬಂದ ಅನ್ನುತ್ತಿದ್ದೆ. "ಯಾಕೆ?" ಅನ್ನುತ್ತಿದ್ದರು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವನಿಗೆ ಸರಿಯಾದ ಅವಕಾಶ ಸಿಗಲಿಲ್ಲ ಅನ್ನುವುದು ನನ್ನ ನಂಬಿಕೆ. ನಿಮಗೇನನ್ನಿಸುತ್ತದೆ?

ಮಡಿಕೇರಿ_ಮಳೆ

ಅಣ್ಣ, ನಾನು ಹುಲ್ಲಿನ ಮೇಲಿನ ಹಾಕಿ ನೋಡಿ ಬೆಳೆದವನು. ಐಸ್ ಹಾಕಿ ಗೊತ್ತಿಲ್ಲ, ಆದರೆ ಓದಿ ಕುತೂಹಲ ಆಯ್ತು. ಈ ಎಎಚ್‌ಎಲ್ ಅಂದರೆ ನಮ್ಮ ರಣಜಿ ಇದ್ದ ಹಾಗಾ?

ಹರ್ಷಿ_ಪಕ್ಕದವನು

ಸುಮಾರಾಗಿ ಹಾಗೇ, ಆದರೆ ಕಟ್ಟು ಇನ್ನೂ ಬಿಗಿ. ಎನ್‌ಎಚ್‌ಎಲ್‌ನಲ್ಲಿ 32 ತಂಡ, ಎಎಚ್‌ಎಲ್‌ನಲ್ಲೂ 32. ಕೆಳಗಿನ ಪ್ರತಿ ತಂಡಕ್ಕೂ ಮೇಲೆ ಒಂದು ತಾಯಿ ತಂಡ. ಹರ್ಷಿಗೆ ವಾಷಿಂಗ್ಟನ್ ಕ್ಯಾಪಿಟಲ್ಸ್. ಮೇಲೆ ಯಾರಿಗಾದರೂ ಗಾಯವಾದರೆ ರಾತ್ರೋರಾತ್ರಿ ಕೆಳಗಿನಿಂದ ಒಬ್ಬನಿಗೆ ಕರೆ ಬರುತ್ತದೆ. ಅವನು ವಾಸಿಯಾದ ದಿನ ಇವನು ಗಂಟುಮೂಟೆ ಕಟ್ಟಿಕೊಂಡು ವಾಪಸ್. ಆಡುವ ಐಸ್ ಅಂಗಳದ, ಅಂದರೆ ರಿಂಕಿನ ಅಳತೆ ಎರಡೂ ಕಡೆ ಒಂದೇ, 200 ಅಡಿ ಉದ್ದ, 85 ಅಡಿ ಅಗಲ. ಪಕ್ ಅದೇ, ಗೋಲಿನ ಬಲೆ ಅದೇ. ಅದಕ್ಕೇ ನನಗೆ ಇದು ಅರ್ಥವಾಗುವುದಿಲ್ಲ.

ಶಿಕಾಗೊ_ಶಿರಸಿ

ಒಳ್ಳೆಯ ವಿಷಯ ತೆಗೆದಿರಿ. ನಮ್ಮ ಶಿಕಾಗೊ ವುಲ್ವ್ಸ್ ಕಥೆ ಕೇಳಿ.

2006-07. ಒಂದೇ ತಂಡದಲ್ಲಿ ಡ್ಯಾರೆನ್ ಹೇಡಾರ್, ಜೇಸನ್ ಕ್ರಾಗ್, ಬ್ರೆಟ್ ಸ್ಟರ್ಲಿಂಗ್. ಹೇಡಾರ್ ಆ ವರ್ಷ 122 ಪಾಯಿಂಟ್ ಮಾಡಿದ. ಸತತ 39 ಪಂದ್ಯಗಳಲ್ಲಿ ಒಂದಾದರೂ ಪಾಯಿಂಟ್ ತೆಗೆದ, ಅದು ಲೀಗಿನ ದಾಖಲೆ. ಸ್ಟರ್ಲಿಂಗ್ ಆಗ ತಾನೇ ಕಾಲೇಜಿನಿಂದ ಬಂದ ಹುಡುಗ, ಮೊದಲ ವರ್ಷವೇ 55 ಗೋಲ್. ಆ ಮೂವರ ಆಟ ನೋಡಿದವರಿಗೆ ಗೊತ್ತು. ನೋಡದೆ ಪಾಸ್ ಕೊಡುತ್ತಿದ್ದರು. ಪಕ್ಕದ ಸೀಟಿನ ಅಜ್ಜ ಒಬ್ಬರು ಪವರ್ ಪ್ಲೇ (ಎದುರಾಳಿಯ ಒಬ್ಬ ಶಿಕ್ಷೆಯಾಗಿ ಹೊರಗೆ ಕೂತಿರುವ ಹೊತ್ತು) ಶುರುವಾದ ಕೂಡಲೇ ಎದ್ದು ನಿಲ್ಲುತ್ತಿದ್ದರು, ಹೇಗೂ ಗೋಲ್ ಆಗುತ್ತದೆ ಅಂತ.

ಎನ್‌ಎಚ್‌ಎಲ್‌ನಲ್ಲಿ ಹೇಡಾರ್ 23 ಪಂದ್ಯ, 1 ಗೋಲ್. ಸ್ಟರ್ಲಿಂಗ್ 30 ಪಂದ್ಯ. ಕ್ರಾಗ್ ಮಾತ್ರ 200 ಪಂದ್ಯ ದಾಟಿಸಿದ, ಆದರೂ ಎಲ್ಲೂ ಬೇರು ಬಿಡಲಿಲ್ಲ. 2007-08ರಲ್ಲಿ ಮತ್ತೆ ಕೆಳಗೆ ಬಂದು 112 ಪಾಯಿಂಟ್ ಮಾಡಿ ನಮಗೆ ಕಾಲ್ಡರ್ ಕಪ್ ಗೆಲ್ಲಿಸಿದ.

ಮೂವರೂ ಕೆಲಸಕ್ಕೆ ಬಾರದವರಾ? ನನಗೆ ನಂಬಲು ಆಗುವುದಿಲ್ಲ.

ರಿಂಕ್_ಅಮ್ಮ

ನನ್ನ ಮಾತು ಸ್ವಲ್ಪ ಕಹಿ ಅನ್ನಿಸಬಹುದು, ಬೇಸರ ಮಾಡಿಕೊಳ್ಳಬೇಡಿ.

ನಾವು ಬ್ರಾಂಪ್ಟನ್‌ನಲ್ಲಿ ಇದ್ದೇವೆ. ಮಗ ಏಳನೇ ವಯಸ್ಸಿನಿಂದ ಆಡುತ್ತಿದ್ದಾನೆ. ಬೆಳಗಿನ ಐದೂವರೆಗೆ ರಿಂಕಿನ ಬೆಂಚಿನ ಹಿಂದೆ ನಿಂತು ನಿಂತು ನಾನೂ ಒಂದಷ್ಟು ಕಲಿತೆ. ಕೋಚ್ ಒಬ್ಬರು ಮಕ್ಕಳಿಗೆ ಯಾವಾಗಲೂ ಹೇಳುವ ಮಾತು: ಪಕ್ ನಿನ್ನ ಹತ್ತಿರ ಬರುವ ಮೊದಲೇ ಮುಂದೇನು ಅಂತ ಗೊತ್ತಿರಬೇಕು.

ರಿಂಕ್ ಒಂದೇ ಅಳತೆ ಅಂದಿರಿ. ಅಡಿಲೆಕ್ಕದಲ್ಲಿ ಹೌದು. ಆದರೆ ಆಡುವವನಿಗೆ ಮೇಲಿನ ರಿಂಕ್ ಚಿಕ್ಕದು. ಕೆಳಗೆ, ಎದುರಾಳಿಯ ಭಾಗ ಶುರುವಾಗುವ ನೀಲಿ ಗೆರೆ ದಾಟಿದ ಮೇಲೆ ಎದುರಿನ ಡಿಫೆನ್ಸ್‌ನವನು ಹಿಂದೆ ಸರಿಯುತ್ತಾನೆ. ತಲೆ ಎತ್ತಿ ನೋಡಲು ಒಂದು ಗಳಿಗೆ ಸಿಗುತ್ತದೆ. ಮೇಲೆ ಅವನು ಹಿಂದೆ ಸರಿಯುವುದಿಲ್ಲ. ಅವನ ಸ್ಟಿಕ್ ಮೊದಲೇ ಪಾಸ್ ಹೋಗುವ ದಾರಿಯಲ್ಲಿ ಇರುತ್ತದೆ. ಗೋಲ್‌ಕೀಪರ್ ಪಕ್ ಹೊರಡುವ ಮೊದಲೇ ಬಂದು ನಿಂತಿರುತ್ತಾನೆ. ಕೆಳಗೆ ಗೋಲಾಗುತ್ತಿದ್ದ ಅದೇ ಹೊಡೆತ ಮೇಲೆ ಅವನ ಎದೆಗೆ ಬಡಿಯುತ್ತದೆ.

ಅರ್ಧ ಸೆಕೆಂಡಿನ ವ್ಯತ್ಯಾಸ ಅಷ್ಟೇ. ಆದರೆ ಇಂಥ ಆಟಗಾರರ ಚಮತ್ಕಾರ ಎಲ್ಲ ಆ ಅರ್ಧ ಸೆಕೆಂಡಿನಲ್ಲೇ ಇರುತ್ತದೆ. ಕೈಯಲ್ಲಿ ಕಲೆ ಇದೆ, ಕಾಲಿನಲ್ಲಿ ವೇಗ ಸಾಲದು. ಹೇಡಾರ್ ಬಗ್ಗೆ ನನಗೆ ಅನ್ನಿಸುವುದು ಅದೇ.

ಹರ್ಷಿ_ಪಕ್ಕದವನು

ಅಕ್ಕ, ಬೇಸರ ಏನಿಲ್ಲ. ಆದರೆ ನೋಡಿ. ಜಿರೂ ಎಡ ವಿಂಗ್. 2008-09ರಲ್ಲಿ ಕ್ಯಾಪಿಟಲ್ಸ್‌ನ ಎಡ ವಿಂಗ್‌ನಲ್ಲಿ ಯಾರಿದ್ದರು? ಅಲೆಕ್ಸ್ ಓವೆಚ್ಕಿನ್. ಆ ವರ್ಷ ಅವನು 56 ಗೋಲ್ ಹೊಡೆದ. ಕೆಳಗೆ ಇವನದು 60, ಮೇಲೆ ಅವನದು 56, ಇಬ್ಬರದೂ ಒಂದೇ ಜಾಗ. ಪವರ್ ಪ್ಲೇ ಎರಡು ನಿಮಿಷ. ಅದರಲ್ಲಿ ಹೆಚ್ಚಿನ ಹೊತ್ತು ಮೊದಲ ಐದು ಜನರೇ ಐಸ್ ಮೇಲೆ ಇರುತ್ತಾರೆ. ಓವೆಚ್ಕಿನ್‌ನನ್ನು ಇಳಿಸಿ ಜಿರೂನನ್ನು ಹತ್ತಿಸಲು ಯಾವ ಕೋಚೂ ಒಪ್ಪುವುದಿಲ್ಲ.

ಹಾಗಾಗಿ ಅವನಿಗೆ ಸಿಕ್ಕಿದ್ದು ಉಳಿದ ಚೂರುಪಾರು ನಿಮಿಷ. ಕೆಳಗೆ ಇಪ್ಪತ್ತು ನಿಮಿಷ ಆಡಿ ಮೈ ಬಿಸಿ ಇರುವವನನ್ನು ಮೇಲೆ ಎಂಟು ಹತ್ತು ನಿಮಿಷ ಆಡಿಸಿ, ಗೋಲ್ ಹೊಡೆಯಲಿಲ್ಲ ಅಂದರೆ ಹೇಗೆ? ನಾನು ಆ ಕರೆಗಳನ್ನೆಲ್ಲ ನೋಡಿದ್ದೇನೆ. ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದ. ಹೊಟ್ಟೆ ಉರಿಯುತ್ತಿತ್ತು.

ಲೆಕ್ಕದ_ಪುಟ

ಇಬ್ಬರ ಮಾತಿನಲ್ಲೂ ನಿಜ ಇದೆ. ಅದನ್ನು ತೋರಿಸಲು ಒಬ್ಬನೇ ಸಾಕು, ಕಾರ್ಟರ್ ವೆರ್ಹೇಗಿ.

2018-19ರಲ್ಲಿ ಸಿರಕ್ಯೂಸ್ ಕ್ರಂಚ್ ಪರ 82 ಪಾಯಿಂಟ್, ಇಡೀ ಎಎಚ್‌ಎಲ್‌ನಲ್ಲೇ ಅತಿ ಹೆಚ್ಚು. ಅದಕ್ಕೂ ಮೊದಲು ಎರಡು ಸಂಸ್ಥೆಗಳು ಅವನನ್ನು ಬಿಟ್ಟುಕೊಟ್ಟಿದ್ದವು. ಇನ್ನೂ ಕೆಳಗಿನ ಇಸಿಎಚ್‌ಎಲ್‌ನಲ್ಲೂ ಆಡಿ ಬಂದವನು. 2019-20ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಹೋದ. ತುಂಬಿ ತುಳುಕುತ್ತಿದ್ದ ತಂಡ. ಅಲ್ಲಿ ಇವನಿಗೆ ಕೆಳಗಿನ ಲೈನ್ (ಒಟ್ಟಿಗೆ ಐಸ್‌ಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪೇ ಲೈನ್). 52 ಪಂದ್ಯ, 13 ಪಾಯಿಂಟ್. ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದ ತಂಡದಲ್ಲಿದ್ದರೂ ಆಮೇಲೆ ಅವನನ್ನು ಉಳಿಸಿಕೊಳ್ಳಲಿಲ್ಲ. ಅಷ್ಟಕ್ಕೇ ಕಥೆ ಮುಗಿದಿದ್ದರೆ ಈ ಚರ್ಚೆಯಲ್ಲಿ ಅವನ ಹೆಸರೂ ಜಿರೂ ಪಕ್ಕದಲ್ಲೇ ಬರುತ್ತಿತ್ತು.

ಫ್ಲಾರಿಡಾ ಪ್ಯಾಂಥರ್ಸ್ ಕಡಿಮೆ ಸಂಬಳಕ್ಕೆ ಕರೆದುಕೊಂಡರು. ಮೊದಲ ಲೈನ್‌ನಲ್ಲಿ, ಅಲೆಕ್ಸಾಂಡರ್ ಬಾರ್ಕೊವ್ ಪಕ್ಕದಲ್ಲಿ ನಿಲ್ಲಿಸಿದರು. ಮೊದಲ ವರ್ಷವೇ 43 ಪಂದ್ಯಗಳಲ್ಲಿ 36 ಪಾಯಿಂಟ್. 2022-23ರಲ್ಲಿ 42 ಗೋಲ್. ಆ ಪ್ಲೇಆಫ್‌ನಲ್ಲಿ ಬಾಸ್ಟನ್ ವಿರುದ್ಧ ಏಳನೇ ಪಂದ್ಯದ ಓವರ್‌ಟೈಮ್ ಗೋಲ್ ಅವನದೇ. ಆಮೇಲೆ 2024, 2025 ಎರಡೂ ವರ್ಷ ಕಪ್.

ಮನುಷ್ಯ ಅವನೇ. ಒಂದು ಬೇಸಿಗೆಯಲ್ಲಿ ಕಾಲಿನ ವೇಗ ಇಮ್ಮಡಿ ಆಗುವುದಿಲ್ಲ. ಬದಲಾಗಿದ್ದು ಕೊಟ್ಟ ಕೆಲಸ.

ಹಾಗಂತ ರಿಂಕ್_ಅಮ್ಮ ಹೇಳಿದ್ದು ಸುಳ್ಳಲ್ಲ. ಎಎಚ್‌ಎಲ್ ಪಾಯಿಂಟುಗಳನ್ನು ಎನ್‌ಎಚ್‌ಎಲ್ ಲೆಕ್ಕಕ್ಕೆ ಇಳಿಸುವವರು ಅರ್ಧಕ್ಕಿಂತ ಕಡಿಮೆಗೇ ಇಳಿಸುತ್ತಾರೆ. ವೆರ್ಹೇಗಿ ಬೇಗ ಸ್ಕೇಟ್ ಮಾಡುತ್ತಾನೆ, ಅದಕ್ಕೇ ಬಾರ್ಕೊವ್ ಪಕ್ಕದಲ್ಲಿ ನಿಂತ. ಇನ್ನೊಂದು ವಿಷಯ, ವಯಸ್ಸು. 22ರಲ್ಲಿ ಎಎಚ್‌ಎಲ್‌ನಲ್ಲಿ 80 ಪಾಯಿಂಟ್ ಮಾಡುವುದಕ್ಕೂ 29ರಲ್ಲಿ ಮಾಡುವುದಕ್ಕೂ ಅಜಗಜಾಂತರ. 29ರವನು ಎದುರಿಸುವುದು ಹೆಚ್ಚಾಗಿ ಹುಡುಗರನ್ನು.

ಮಡಿಕೇರಿ_ಮಳೆ

ಈಗ ಸ್ವಲ್ಪ ಹೊಳೆಯಿತು. ರಣಜಿಯಲ್ಲಿ ಓಪನರ್ ಆಗಿ ರನ್ ಹೊಡೆದವನು ಮೇಲೆ ಹೋದರೂ ಬ್ಯಾಟ್ ಹಿಡಿದೇ ಹೋಗುತ್ತಾನೆ. ಇಲ್ಲಿ ಗೋಲ್ ಹೊಡೆದವನಿಗೆ ಮೇಲೆ ಹೋದ ಮೇಲೆ ಬೇರೆಯೇ ಕೆಲಸ ಕೊಡುತ್ತಾರೆ. ಸರೀನಾ?

ಲೆಕ್ಕದ_ಪುಟ

ನೂರಕ್ಕೆ ನೂರು ಸರಿ ತಮ್ಮ. ನಾಲ್ಕನೇ ಲೈನ್‌ನವನ ಕೆಲಸ ಅಂದರೆ ಪಕ್ಕನ್ನು ಎದುರಾಳಿಯ ಮೂಲೆಗೆ ದೂಡು, ಓಡಿ ಹೋಗಿ ಢಿಕ್ಕಿ ಹೊಡಿ, ಬರುವ ಶಾಟಿಗೆ ಮೈ ಒಡ್ಡು, ಗೋಲ್ ಬಿಟ್ಟುಕೊಡದೆ ನಲವತ್ತು ಸೆಕೆಂಡ್ ಕಳೆದು ಬೆಂಚಿಗೆ ಬಾ. ಅದನ್ನು ಚೆನ್ನಾಗಿ ಮಾಡುವವರು ಬೇರೆಯೇ ಇದ್ದಾರೆ. ಅವರಲ್ಲಿ ಕೆಲವರು ಎಎಚ್‌ಎಲ್‌ನಲ್ಲಿ ವರ್ಷಕ್ಕೆ 25 ಪಾಯಿಂಟ್ ಮಾಡಿದವರು, ಮೇಲೆ ಹತ್ತು ವರ್ಷ ನಿಲ್ಲುತ್ತಾರೆ. ನೂರು ಪಾಯಿಂಟಿನವನು ಹತ್ತು ದಿನ ನಿಲ್ಲುವುದಿಲ್ಲ. ಗೋಲ್ ಹೊಡೆಯುವವರಿಗೆ ಮೇಲೆ ಇರುವುದು ಆರು ಕುರ್ಚಿ. ಮೊದಲ ಎರಡು ಲೈನ್, ಅಷ್ಟೇ. ಆ ಆರರಲ್ಲಿ ಕೂರಲು ಆಗದಿದ್ದರೆ ಅವನ ಕಲೆಗೆ ಅಲ್ಲಿ ಜಾಗವೇ ಇಲ್ಲ.

ಒಪ್ಪಂದ_ಓದುಗ

ಆಟ ಬಿಟ್ಟು ಕಾಗದದ ಕಡೆಗೂ ಬನ್ನಿ. ಇದನ್ನು ಯಾರೂ ಹೇಳುವುದಿಲ್ಲ.

ಹುಡುಗರನ್ನು ಮೇಲೆ ಕೆಳಗೆ ಎಷ್ಟು ಸಲ ಬೇಕಾದರೂ ಓಡಾಡಿಸಬಹುದು. ವರ್ಷಗಳು ಕಳೆದ ಮೇಲೆ ಹಾಗಲ್ಲ. ಕೆಳಗೆ ಕಳಿಸಬೇಕಾದರೆ ವೇವರ್ಸ್‌ನಲ್ಲಿ ಹಾಕಬೇಕು. 24 ಗಂಟೆಯೊಳಗೆ ಬೇರೆ ಯಾವ ಎನ್‌ಎಚ್‌ಎಲ್ ತಂಡ ಬೇಕಾದರೂ ಅವನನ್ನು ಎತ್ತಿಕೊಳ್ಳಬಹುದು. ಯಾರೂ ಎತ್ತಿಕೊಳ್ಳದಿದ್ದರೆ ಕೆಳಗೆ ಹೋಗುತ್ತಾನೆ. ಆಮೇಲೆ ಮತ್ತೆ ಮೇಲೆ ಕರೆದರೆ, 10 ಪಂದ್ಯ ಆಡುವವರೆಗೆ ಅಥವಾ 30 ದಿನ ತಂಡದಲ್ಲಿ ಇರುವವರೆಗೆ ಮತ್ತೆ ವೇವರ್ಸ್ ಬೇಡ. ಅದು ದಾಟಿದರೆ ಬೇಕು.

ಇದರ ಅರ್ಥ ಏನು? ಒಂಬತ್ತನೇ ಪಂದ್ಯದಲ್ಲಿ ಆಟ ಕುದುರಿ ಬರುತ್ತಿರುವಾಗಲೇ ತಂಡ ಯೋಚನೆ ಮಾಡುತ್ತದೆ. ಇವನನ್ನು ಉಳಿಸಿಕೊಂಡರೆ ಮುಂದೆ ಕಳೆದುಕೊಳ್ಳಬಹುದು, ಈಗಲೇ ಕಳಿಸಿದರೆ ನಮ್ಮ ಹತ್ತಿರವೇ ಇರುತ್ತಾನೆ. ಕಳಿಸುತ್ತಾರೆ. ಕೆಟ್ಟತನದಿಂದ ಅಲ್ಲ, ಲೆಕ್ಕದಿಂದ.

ಕೆಳಗೂ ಒಂದು ನಿಯಮ ಇದೆ. ಎಎಚ್‌ಎಲ್ ಹುಡುಗರನ್ನು ಬೆಳೆಸುವ ಲೀಗ್. ಗೋಲ್‌ಕೀಪರ್‌ಗಳನ್ನು ಬಿಟ್ಟು ಪಂದ್ಯಕ್ಕೆ ಇಳಿಯುವ 18 ಜನರಲ್ಲಿ 13 ಜನ ಅನುಭವ ಕಡಿಮೆ ಇರುವವರೇ ಆಗಬೇಕು. ಅವರಲ್ಲಿ 12 ಜನ ವೃತ್ತಿ ಜೀವನದಲ್ಲಿ 260 ಪಂದ್ಯ ದಾಟಿರಬಾರದು, ಒಬ್ಬ 320 ದಾಟಿರಬಾರದು. ಹಳಬರಿಗೆ ಉಳಿಯುವುದು ಐದೇ ಜಾಗ. ಮೇಲೆ ಆರು ಕುರ್ಚಿ, ಕೆಳಗೆ ಐದು. ಇಪ್ಪತ್ತೆಂಟು ವರ್ಷದ ಗೋಲ್ ವೀರ ಎರಡರ ನಡುವೆ ಸಿಕ್ಕಿಕೊಳ್ಳುತ್ತಾನೆ.

ಶಿಕಾಗೊ_ಶಿರಸಿ

ಈ ಐದು ಜಾಗದ ವಿಷಯ ನನಗೆ ಗೊತ್ತೇ ಇರಲಿಲ್ಲ ಸರ್. ಥ್ಯಾಂಕ್ಸ್. ಹೇಡಾರ್‌ಗೆ ಹೋಲಿಸಿದರೆ ನಮ್ಮ ಆಂಡ್ರ್ಯೂ ಪೊಟುರಾಲ್ಸ್ಕಿ ಇನ್ನೂ ಸಂಕಟದ ಕಥೆ. 2020-21, 2021-22, 2024-25 ಮೂರು ಸಲ ಎಎಚ್‌ಎಲ್‌ನಲ್ಲಿ ಅತಿ ಹೆಚ್ಚು ಪಾಯಿಂಟ್. ಮೂರೂ ಬೇರೆ ಬೇರೆ ತಂಡಗಳಿಗೆ. 2021-22ರಲ್ಲಿ ವುಲ್ವ್ಸ್‌ಗೆ 101 ಪಾಯಿಂಟ್, ಓಕೊಯಿನ್ ನಂತರ ನೂರು ದಾಟಿದ ಮೊದಲಿಗ. ಎನ್‌ಎಚ್‌ಎಲ್ ಪಂದ್ಯ ಬೆರಳೆಣಿಕೆ. ಕೊನೆಗೆ ರಷ್ಯಾದ ಲೀಗಿಗೆ ಹೋದ. ಹೋಗದೆ ಏನು ಮಾಡುತ್ತಾನೆ? ಅಲ್ಲಿ ಅವನಿಗೆ ಮೊದಲ ಲೈನ್ ಕೊಡುತ್ತಾರೆ, ದುಡ್ಡೂ ಜಾಸ್ತಿ. ಸ್ವಿಟ್ಜರ್ಲೆಂಡ್, ಜರ್ಮನಿ ಎಲ್ಲ ಇಂಥವರಿಂದ ತುಂಬಿದೆ.

ರಿಂಕ್_ಅಮ್ಮ

ಒಂದು ಮಾತು ಸೇರಿಸುತ್ತೇನೆ. ಮಗನ ತಂಡದಲ್ಲಿ ಕುಳ್ಳ ಹುಡುಗರಿಗೆ ಎಲ್ಲರೂ ಮಾರ್ಟಿನ್ ಸೇಂಟ್ ಲೂಯಿ ಹೆಸರು ಹೇಳುತ್ತಾರೆ. ಐದಡಿ ಎಂಟು ಅಂಗುಲ. ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಕ್ಯಾಲ್ಗರಿ 69 ಪಂದ್ಯ ಆಡಿಸಿ 2000ರಲ್ಲಿ ಬಿಟ್ಟುಬಿಟ್ಟಿತು. ಟ್ಯಾಂಪಾಗೆ ಹೋಗಿ 2004ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ, ಅದೇ ವರ್ಷ ಸ್ಟಾನ್ಲಿ ಕಪ್. 1,000ಕ್ಕೂ ಹೆಚ್ಚು ಪಾಯಿಂಟ್, 2018ರಲ್ಲಿ ಹಾಲ್ ಆಫ್ ಫೇಮ್.

ಅವರ ಕಾಲು ನೋಡಿದ್ದೀರಾ? ತೊಡೆ ಮರದ ದಿಮ್ಮಿಯ ಹಾಗೆ. ಎತ್ತರ ಕಡಿಮೆ, ವೇಗ ಕಡಿಮೆ ಅಲ್ಲ. ಜಿರೂ ಆರಡಿ ದಾಟಿದ ಆಳು, ಎತ್ತರ ಅವನಿಗೆ ಅಡ್ಡ ಬರಲಿಲ್ಲ. ನಾನು ಹೇಳುವುದು ಇಷ್ಟೇ, ಅವಕಾಶ ಬೇಕು ನಿಜ. ಅದು ಬಂದ ದಿನ ಕಾಲು ಕೈಕೊಡಬಾರದು. ನನ್ನ ಮಗನಿಗೆ ಶೂಟಿಂಗ್ ಅಭ್ಯಾಸಕ್ಕಿಂತ ಸ್ಕೇಟಿಂಗ್ ಅಭ್ಯಾಸಕ್ಕೇ ಜಾಸ್ತಿ ದುಡ್ಡು ಸುರಿಯುತ್ತಿದ್ದೇನೆ. ಅವನಿಗೆ ಇಷ್ಟ ಇಲ್ಲ, ಆದರೂ ಕಳಿಸುತ್ತೇನೆ.

ಟೊರಾಂಟೊ_ತಾತ

ಮಕ್ಕಳೇ, ನಾನು 1974ರಿಂದ ಇಲ್ಲಿ ಇದ್ದೇನೆ. ಈ ಕಥೆ ಹಳೆಯದು.

ವಿಲ್ಲಿ ಮಾರ್ಷಲ್ ಹೆಸರು ಕೇಳಿದ್ದೀರಾ? ಎಎಚ್‌ಎಲ್‌ನ ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ಗೋಲ್, ಅತಿ ಹೆಚ್ಚು ಪಾಯಿಂಟ್ ಅವನದೇ. 523 ಗೋಲ್, 1,375 ಪಾಯಿಂಟ್. ಟೊರಾಂಟೊ ಮೇಪಲ್ ಲೀಫ್ಸ್‌ಗೆ ಆಡಿದ್ದು 33 ಪಂದ್ಯ. ಆಗ ಎನ್‌ಎಚ್‌ಎಲ್‌ನಲ್ಲಿ ಆರೇ ತಂಡ. ಪ್ರಪಂಚಕ್ಕೆಲ್ಲ ಸೇರಿ ನೂರು ಚಿಲ್ಲರೆ ಕೆಲಸ. ಒಳಗೆ ಇದ್ದವನು ಹಲ್ಲು ಮುರಿದರೂ ಮರುದಿನ ಆಡುತ್ತಿದ್ದ, ಜಾಗ ಬಿಟ್ಟರೆ ಹೋಯಿತು ಅಂತ. ಇವತ್ತು ಎಎಚ್‌ಎಲ್‌ನಲ್ಲಿ ಹೆಚ್ಚು ಗೋಲ್ ಹೊಡೆದವನಿಗೆ ಕೊಡುವ ಪ್ರಶಸ್ತಿಗೆ ಮಾರ್ಷಲ್ ಹೆಸರೇ ಇಟ್ಟಿದ್ದಾರೆ. ಜಿರೂ 60 ಹೊಡೆದ ವರ್ಷ ತೆಗೆದುಕೊಂಡದ್ದು ಅದನ್ನೇ.

ಡಾನ್ ಬಿಗ್ಸ್ 1992-93ರಲ್ಲಿ ಬಿಂಗ್‌ಹ್ಯಾಮ್ಟನ್‌ಗೆ 138 ಪಾಯಿಂಟ್ ಮಾಡಿದ. ಒಂದು ವರ್ಷದ ದಾಖಲೆ ಇವತ್ತಿಗೂ ಅದೇ. ಎನ್‌ಎಚ್‌ಎಲ್‌ನಲ್ಲಿ 12 ಪಂದ್ಯ.

ಆದರೆ ಎಲ್ಲರದೂ ಹೀಗೇ ಅಲ್ಲ. 1988-89ರಲ್ಲಿ ಶೆರ್‌ಬ್ರೂಕ್‌ಗೆ 70 ಗೋಲ್ ಹೊಡೆದ ಸ್ಟೆಫಾನ್ ಲೆಬೊ ಮಾಂಟ್ರಿಯಲ್‌ಗೆ ಹೋಗಿ ನಿಂತ. 1993ರ ಸ್ಟಾನ್ಲಿ ಕಪ್ ತಂಡದಲ್ಲಿದ್ದ. 70ರ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಲೆಕ್ಕದ_ಪುಟ

ತಾತ, ನಿಮ್ಮ ಹಾಗೆ ನೆನಪಿಟ್ಟು ಹೇಳುವವರು ಸಿಗುವುದು ಅಪರೂಪ. ನಾನೂ ಒಬ್ಬನನ್ನು ಸೇರಿಸುತ್ತೇನೆ, ಕೋರಿ ಕೊನಾಕರ್. 2011-12ರಲ್ಲಿ ನಾರ್ಫಕ್ ಅಡ್ಮಿರಲ್ಸ್‌ಗೆ 39 ಗೋಲ್, ಲೀಗಿನ ಅತ್ಯುತ್ತಮ ಆಟಗಾರ. ಆ ತಂಡ ಲೀಗ್ ಹಂತದ ಕೊನೆಯ 28 ಪಂದ್ಯಗಳನ್ನೂ ಗೆದ್ದಿತ್ತು. ಟ್ಯಾಂಪಾದಲ್ಲಿ ಶುರುವಿನಲ್ಲೇ ಮಿಂಚಿದ. 35 ಪಂದ್ಯ, 24 ಪಾಯಿಂಟ್. ಅಷ್ಟರಲ್ಲಿ ಟ್ಯಾಂಪಾಗೆ ಗೋಲ್‌ಕೀಪರ್ ಬೇಕಾಗಿತ್ತು. ಇವನನ್ನು ಕೊಟ್ಟು ಒಟ್ಟಾವಾದಿಂದ ಬೆನ್ ಬಿಷಪ್‌ನನ್ನು ತಂದರು. ಅಲ್ಲಿಂದ ಕೊನಾಕರ್ ಕಾಲಿಗೆ ಚಕ್ರ ಕಟ್ಟಿಕೊಂಡವನಾದ. ಇಲ್ಲಿ ಜಾಗವೂ ಸಿಕ್ಕಿತ್ತು, ಆಟವೂ ಬಂದಿತ್ತು. ಉಳಿಯಲಿಲ್ಲ ಅಷ್ಟೇ.

ಒಪ್ಪಂದ_ಓದುಗ

ಹರ್ಷಿಯವರೇ, ನಾನು ವೇವರ್ಸ್ ಬಗ್ಗೆ ಕೆಟ್ಟದ್ದನ್ನೇ ಹೇಳಿದೆ. ಒಳ್ಳೆಯದೂ ಇದೆ, ಅದೂ ನಿಮ್ಮ ಓಕೊಯಿನ್‌ದೇ.

2012ರ ಬೇಸಿಗೆಯಲ್ಲಿ ಟೊರಾಂಟೊ ಜೊತೆ ಸಹಿ ಮಾಡಿದ. 2013ರ ಜನವರಿಯಲ್ಲಿ ಅವರು ಕೆಳಗೆ ಕಳಿಸಲು ವೇವರ್ಸ್‌ನಲ್ಲಿ ಹಾಕಿದರು. ನ್ಯೂಯಾರ್ಕ್ ಐಲ್ಯಾಂಡರ್ಸ್ ಎತ್ತಿಕೊಂಡರು. ಆಗ ಅವನಿಗೆ 34 ವರ್ಷ. ಲಾಕೌಟ್‌ನಿಂದ 48 ಪಂದ್ಯಕ್ಕೆ ಇಳಿದಿದ್ದ ಆ ವರ್ಷ 41 ಪಂದ್ಯ ಆಡಿದ, 12 ಪಾಯಿಂಟ್ ಮಾಡಿದ. ಒಂದೇ ವರ್ಷದಲ್ಲಿ ಎನ್‌ಎಚ್‌ಎಲ್‌ನಲ್ಲಿ ಅವನು ಅಷ್ಟು ಪಂದ್ಯ ಆಡಿದ್ದು ಅದೊಂದೇ ಸಲ. ಸಣ್ಣ ಕಾಲೇಜಿನಿಂದ ಬಂದು, ಡ್ರಾಫ್ಟ್ ಆಗದೆ, ಹತ್ತು ವರ್ಷ ಬಸ್ಸಿನಲ್ಲಿ ಸುತ್ತಿದವನು.

ಹರ್ಷಿ_ಪಕ್ಕದವನು

ಅದನ್ನು ನಾನು ಟಿವಿಯಲ್ಲಿ ನೋಡಿದ್ದೆ ಸರ್. ಬೇರೆ ಅಂಗಿ, ಆದರೆ ಪಕ್ ಹಿಡಿದು ಒಂದು ಗಳಿಗೆ ಕಾಯುವ ರೀತಿ ಅದೇ. ಇಲ್ಲಿ ಹರ್ಷಿಯಲ್ಲಿ ಜನ ಫೋನ್ ಮಾಡಿ ಹೇಳಿಕೊಂಡಿದ್ದರು, ನಮ್ಮವನು ಆಡ್ತಿದ್ದಾನೆ ನೋಡಿ ಅಂತ.

ರಿಂಕ್_ಅಮ್ಮ ಅಕ್ಕ, ನಿಮ್ಮ ಮಾತು ಎರಡು ದಿನ ತಲೆಯಲ್ಲಿ ಸುತ್ತಿತು. ಹಳೆಯ ವಿಡಿಯೊ ಹಾಕಿಕೊಂಡು ಜಿರೂನ ಗೋಲುಗಳನ್ನು ಮತ್ತೆ ನೋಡಿದೆ. ಎಷ್ಟೋ ಗೋಲುಗಳಲ್ಲಿ ಅವನು ನಿಂತೇ ಹೊಡೆಯುತ್ತಾನೆ. ಎದುರಿನವನು ಎರಡು ಮಾರು ದೂರ ಇರುತ್ತಾನೆ. ಹದಿನೈದು ವರ್ಷ ನನಗೆ ಇದು ಕಂಡಿರಲಿಲ್ಲ. ಅವಕಾಶ ಸಿಗಲಿಲ್ಲ ಅನ್ನುವ ಮಾತನ್ನು ನಾನು ಬಿಡುವುದಿಲ್ಲ, ಆದರೆ ಅಷ್ಟೇ ಕಾರಣ ಅಂತ ಇನ್ನು ಹೇಳುವುದಿಲ್ಲ.

ನಿನ್ನೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿದೆ. ಓವೆಚ್ಕಿನ್, ಆರು ಕುರ್ಚಿ, ಅರ್ಧ ಸೆಕೆಂಡ್, ಎಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅದಿರಲಿ, ಅವನು ನಿಲ್ತಿದ್ದ ಜಾಗದಲ್ಲಿ ಈಗ ಯಾರು ನಿಲ್ತಾರೆ?" ಅಂದರು.

ಶನಿವಾರ ಪಂದ್ಯ ಇದೆ. ನೋಡಿ ಬಂದು ಹೇಳುತ್ತೇನೆ ಅಂದಿದ್ದೇನೆ.